ನಾನು ಮೀನು ಬೆಳೆಸಿದ್ದು

ನನ್ನೆರಡು ಕಣ್ಣಾಣೆ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಬಿಳಿ ದೊರೆಗಳ ಕಾಲದಲ್ಲಿ ಬಾಳೂರು ಕಡೆ ಒಂದು ಎಸ್ಟೇಟಲ್ಲಿ ನಾನು ಮೇಸ್ತ್ರಿ. ನನ್ನಂಥ ಮೇಸ್ತ್ರಿ ಮೂಡಿಗೆರೆಯಿಂದ ಕಳಸದವರೆಗೆ ಹುಡುಕಿದ್ರೂ ಸಿಗ್ತಿರಲಿಲ್ಲ. ಬುದ್ಧಿ ಇರೋರಿಗೇ ಇಂಥವೆಲ್ಲ ಆಗ್ತಾ ಇರೋದು. ದಡ್ಡರಿಗೆ ಏನೂ ಆಗಲ್ಲ.

೧. ಪಾತಿ

ಕಾಫಿ ಬೀಜ ಹಾಕಿದ ಪಾತಿಲಿ ಸಸಿ ಒತ್ತೊತ್ತಾಗಿ ಎದ್ದಿದ್ವು. ಹೆಚ್ಚಿನವನ್ನ ಕೀಳು ಅಂತ ಕೆಲಸದ ಅಜ್ಜಿಗೆ ಹೇಳಿ ಹೋದೆ. ಸಂಜೆ ಬಂದು ನೋಡಿದ್ರೆ ಒಂದೂ ಕಿತ್ತಿಲ್ಲ, ಎಲೆಯಡಿಕೆ ಹಾಕ್ಕೊಂಡು ಕೂತಿದಾಳೆ.

"ಕೀಳಕ್ಕೆ ಕೈ ಬರಲ್ಲ ಮೇಸ್ತ್ರಿಗಳೇ. ಎಲ್ಲ ಬದುಕ್ಲಿ ಬಿಡಿ."

"ಇರೋ ಗೊಬ್ಬರ ಒಂದು ಬುಟ್ಟಿ, ತಿನ್ನೋ ಬಾಯಿ ಸಾವಿರ. ಎಲ್ಲ ಬಿಟ್ರೆ ಒಂದೂ ಗಿಡ ಆಗಲ್ಲ, ಕಡ್ಡಿ ಆಗ್ತವೆ. ತಿಳೀತಾ?"

"ತಿಳೀತು. ನೀವು ಇಷ್ಟು ತಿಳಿದೋರು ಅಂತ ಗೊತ್ತಿರಲಿಲ್ಲ" ಅಂದ್ಳು.

ಆಗ ಅದು ಹೊಗಳಿಕೆ ಅಂತಲೇ ನಾನು ತಿಳ್ಕೊಂಡಿದ್ದು.

೨. ಕೆರೆ

ತೋಟದ ತಗ್ಗಲ್ಲಿ ಒಂದು ಸಣ್ಣ ಕೆರೆ. ಹೆಂಡ್ತಿ ಸಾಕಿದ್ದ ಕಡಸು ಮಾರಿ, ಅದನ್ನ ಎರಡು ವರ್ಷಕ್ಕೆ ಗುತ್ತಿಗೆ ಹಿಡಿದೆ.

"ದುಡ್ಡು ವಾಪಸ್ ಬರದಿದ್ರೆ ಕಡಸಿನ ಜಾಗದಲ್ಲಿ ನಿಮ್ಮನ್ನೇ ಕಟ್ಟಿ ಹಾಕ್ತೀನಿ" ಅಂದ್ಳು.

ಹೊಳೆಯಿಂದ ಎರಡು ಕೊಡ ಮೀನು ತಂದು ಬಿಟ್ಟೆ. ವರ್ಷದಲ್ಲಿ ಅಂಗೈ ಅಗಲ ಆದ್ವು. ಲೆಕ್ಕ ಬರೆಯೋ ಎಸ್ಟೇಟ್ ರೈಟರು, "ದೊಡ್ಡವನ್ನ ಹಿಡಿದು ಮಾರು ಮಾರಾಯ" ಅಂದ್ರು.

"ಒಂದೊಂದು ಮೀನು ರಾಶಿ ಮೊಟ್ಟೆ ಇಡ್ತದೆ ಸ್ವಾಮಿ. ಬಿಟ್ರೆ ಬರೋ ವರ್ಷ ನೀವು ಮೀನಿನ ಮೇಲೇ ನಡ್ಕೊಂಡು ಕೆರೆ ದಾಟಬಹುದು."

ಒಂದನ್ನೂ ಹಿಡೀಲಿಲ್ಲ. ನೀರುನಾಯಿ ಬಂದ್ರೆ ತಗಡು ಬಡಿದೆ. ಮಿಂಚುಳ್ಳಿ ಬಂದ್ರೆ ಕಲ್ಲು ಹೊಡೆದೆ. ಅಷ್ಟು ನೆಮ್ಮದಿ ನಾನು ಹೆಂಡ್ತಿಗೂ ಕೊಟ್ಟವನಲ್ಲ.

೩. ಸಂತೆ

ಎರಡನೇ ಬೇಸಿಗೆ ತೂಬು ತೆಗೆಸಿದೆ. ನೀರು ಇಳೀತಾ ಇಳೀತಾ ಕೆರೆ ತುಂಬ ಮೀನು ಪಟಪಟ ಅಂತ ಹಾರಿದ್ವು. ಲೆಕ್ಕಕ್ಕೆ ನನ್ನ ಮಾತು ಸುಳ್ಳಾಗಲಿಲ್ಲ. ಆದ್ರೆ ಒಂದಾದ್ರೂ ಕಿರುಬೆರಳಿಗಿಂತ ದೊಡ್ಡದಿದ್ರೆ ಕೇಳಿ.

ಮರಿ ಇರ್ಬೇಕು ಅಂತ ಒಂದನ್ನ ಸೀಳಿ ನೋಡಿದೆ. ಒಳಗೆ ಮೊಟ್ಟೆ! ಇನ್ನೊಂದನ್ನ ಸೀಳಿದೆ, ಅದ್ರಲ್ಲೂ ಮೊಟ್ಟೆ. ಅಂದ್ರೆ ಇವು ಮರಿ ಅಲ್ಲ, ಬಾಣಂತನಕ್ಕೆ ಬಂದ ಮೀನುಗಳೇ. ಬೆಳೆಯೋಕೆ ಮೇವಿರಲಿಲ್ಲ, ಅಷ್ಟೇ. ಹೋದ ವರ್ಷದ ಅಂಗೈ ಅಗಲದವು ಅದಕ್ಕೇ ಒಂದೊಂದಾಗಿ ಸತ್ತು ಮುಗಿದಿದ್ವು. ಹುಳ ಇಲ್ಲ, ಪಾಚಿ ಇಲ್ಲ, ಕೆರೆ ತಳ ನೆಕ್ಕಿಟ್ಟ ತಟ್ಟೆ ಹಾಗಿತ್ತು. ಇವತ್ತಿಗೂ ಆಶ್ಚರ್ಯ ನನಗೆ: ಹೊಟ್ಟೆಗಿಲ್ಲದಿದ್ರೂ ಮೊಟ್ಟೆ ಇಡೋದು ಬಿಡಲಿಲ್ವಲ್ಲ ಅವು.

ಗಾಡಿ ಮಾಡ್ಕೊಂಡು ಬಣಕಲ್ ಸಂತೆಗೆ ತಗೊಂಡು ಹೋದೆ. ಒಬ್ಬ ಬುಟ್ಟಿಗೆ ಬಗ್ಗಿ ನೋಡಿ, "ಇದು ಬಿತ್ತನೆಗಾ ಅಣ್ಣ?" ಅಂದ.

ಅಷ್ಟೊತ್ತಿಗೆ ಪಾತಿಯ ಅಜ್ಜಿ ಬಂದ್ಳು. ಒಂದು ಮೀನನ್ನ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ನಿಧಾನಕ್ಕೆ ತಿರುಗಿಸಿ ನೋಡಿದ್ಳು.

"ಕಡ್ಡಿ ಆಗಿದಾವಲ್ಲ ಮೇಸ್ತ್ರಿಗಳೇ. ಯಾಕೆ, ಕೀಳಕ್ಕೆ ಕೈ ಬರ್ಲಿಲ್ವಾ?"

ಮನೆಗೆ ಬಂದ್ರೆ ಹೆಂಡ್ತಿ ಕೊಟ್ಟಿಗೆ ಗುಡಿಸಿ, ಹೊಸ ಸೊಪ್ಪು ಹಾಕಿ, ಕಂಬಕ್ಕೆ ಹಗ್ಗ ಕಟ್ಟಿಟ್ಟಿದ್ಳು. ಕಡಸಿನ ದುಡ್ಡು, ಗಾಡಿ ಬಾಡಿಗೆ ಎಲ್ಲ ಸೇರಿ ನಾನು ಕಳ್ಕೊಂಡಿದ್ದು ಇಪ್ಪತ್ಮೂರು ರೂಪಾಯಿ ಏಳಾಣೆ ಮೂರು ಕಾಸು.