ತಿರಕಪ್ಪ ಹಲ್ಲು ನೋಡಿದ ಫುಟ್‌ಬಾಲ್ ತಂಡ

ಮಡಿವಾಳೆಪ್ಪ ಮಾಸ್ತರನ ಗ್ರಹಚಾರ ಆ ದಿನ ಶಾರದವ್ವನ ಬಾಯಿಂದ ಹೊರಬಿತ್ತು.

ಶಾರದವ್ವ ಅಂದರೆ ಕರಿಮಟ್ಟಿ ಕಾಲೇಜಿನ ಚೇರಮನ್ ಶಂಕ್ರಪ್ಪ ದೇಸಾಯರ ಹೆಂಡತಿ. ಮಗಳನ್ನು ಮಾತಾಡಿಸಲು ಕೆಂಚನಕೊಪ್ಪಕ್ಕೆ ಹೋದವಳು ಮುಂಜಾನೆಯ ಬಸ್ಸಿಗೆ ತಿರುಗಿ ಬಂದಿದ್ದಳು. ಮಗಳ ಮಾವ ನೀಲನಗೌಡರು ಕೆಂಚನಕೊಪ್ಪದ ಕಾಲೇಜಿಗೆ ಚೇರಮನ್. ಹೀಗೆ ಬೀಗರಿಬ್ಬರಿಗೂ ಒಂದೊಂದು ಕಾಲೇಜು, ಒಂದೊಂದು ಟ್ರ್ಯಾಕ್ಟರು, ಒಂದೊಂದು ಹೊಟ್ಟೆಕಿಚ್ಚು.

ಶಾರದವ್ವ ಕಾಲು ತೊಳೆಯುವ ಮೊದಲೇ ಹೇಳಿದಳು.

"ಬೀಗರ ಕಾಲೇಜಿಗೆ ಈ ವರ್ಷ ಫುಟ್‌ಬಾಲ್ ಆಡಾಕಂತ ಹುಡುಗರನ್ನ ತಂದಾರ ನೋಡ್ರಿ. ಒಬ್ಬೊಬ್ಬ ಬಾಗಲದಾಗ ಬಗ್ಗಿ ಒಳಗ ಬರ್ತಾನ. ನಮ್ಮವೂ ಅದಾವಲ್ಲ, ಬಾಗಲಾ ಹಾಕಿದ್ರೂ ಸಂದಿನ್ಯಾಗ ಹಾಯ್ದು ಬರ್ತಾವು."

ದೇಸಾಯರ ಕೈಯೊಳಗಿನ ಬಸಿ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಚಹಾ ಅಂಗಿಯ ಮೇಲೆ ಬಿತ್ತು.

ಈ ಫುಟ್‌ಬಾಲಿನ ಹುಚ್ಚು ಬಂದದ್ದು ಎಂಬತ್ತಾರನೆಯ ಇಸವಿಯಲ್ಲಿ. ಆ ವರ್ಷ ಟಿವಿಯಲ್ಲಿ ವಿಶ್ವಕಪ್ ತೋರಿಸಿದರು. ದೇಸಾಯರು ಟಿವಿ ತಂದು, ಮಠದ ಶಿಖರಕ್ಕಿಂತ ಒಂದು ಮೊಳ ಎತ್ತರದ ಕೋಲಿಗೆ ಆಂಟೆನಾ ಕಟ್ಟಿಸಿದರು. ಅದೇ ವಾರ ನೀಲನಗೌಡರೂ ತಂದರು, ಕೋಲು ಇನ್ನೂ ಒಂದು ಮೊಳ ಎತ್ತರ. ಇಬ್ಬರೂ ಕಣ್ಣು ಕೆಂಪು ಮಾಡಿಕೊಂಡು ಎಲ್ಲ ಆಟ ನೋಡಿದರು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಸೀಟಿ ಊದುವವನೇ ಎಲ್ಲರಿಗಿಂತ ದೊಡ್ಡ ಆಟಗಾರ ಎಂದು ದೇಸಾಯರು ಕೊನೆಯವರೆಗೂ ನಂಬಿದ್ದರು. ಅವನೊಬ್ಬನೇ ಎಲ್ಲರನ್ನೂ ಬೈಯುತ್ತಿದ್ದ. ಆದರೂ ಮರುವರ್ಷ ಜೂನ್ ಬಂದಾಗ ಎರಡೂ ಕಾಲೇಜಿನವರು ಫೀ ಮಾಫು, ಊಟ ಮಾಫು ಎಂದು ಹುಡುಗರನ್ನು ಕರೆಕರೆದು ಸೇರಿಸಿಕೊಂಡರು.

ಕರಿಮಟ್ಟಿಯಲ್ಲಿ ಆ ಕೆಲಸ ಮಡಿವಾಳೆಪ್ಪನದು. ಡ್ರಿಲ್ ಮಾಸ್ತರ, ಆದರೆ ಹಂಗಾಮಿ. ಅವನ ಮದುವೆಯಾದಾಗ ಹಂಗಾಮಿ, ಮಗಳು ಹುಟ್ಟಿದಾಗ ಹಂಗಾಮಿ, ಈಗ ಮಗಳು ಶಾಲೆಗೆ ಹೋಗುವಾಗಲೂ ಹಂಗಾಮಿ. ಮಾವ ಬಂದಾಗಲೆಲ್ಲ "ಅಳಿಯಂದ್ರ, ಖಾಯಂ ಆತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ದೇಸಾಯರು ಅವನನ್ನು ಕರೆಸಿದರು. ಕಟ್ಟೆಯ ಮೇಲೆ ಊರ ಹಿರಿಯರೂ ಇದ್ದರು.

"ಮಾಸ್ತರ, ಕಿವಿಗೊಟ್ಟ ಕೇಳು. ನಮ್ಮ ಹೊಸ ಹುಡುಗರು ಬೀಗರ ಹುಡುಗರಗಿಂತ ಚಲೋ ಅಂತ ಇವತ್ತ ನಾಕ ಮಂದಿ ಎದುರಿಗೆ ಆಗಬೇಕು. ಆತೋ, ನಮ್ಮ ಕಾಲೇಜಿನ ಮಾಸ್ತರ ಇವತ್ತ ಖಾಯಂ. ಆಗಲಿಲ್ಲೋ, ನಾಳಿಂದ ಗಂಟಿ ಹೊಡ್ಯಾಕೂ ಬರೂದು ಬ್ಯಾಡ."

ಮಡಿವಾಳೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಹಂಗಾರ ಒಂದ ಆಟ ಆಡಿಸಿ ನೋಡೂಣ್ರಿ, ಸಾಹೇಬ್ರ."

"ತಲಿ ಕೆಟ್ಟೈತೇನು ನಿಂದು? ಆಡಿದ್ರ ಒಬ್ರು ಸೋಲ್ತಾರ. ಬೀಗರು ಸೋತ್ರ ನನ್ನ ಮಗಳಿಗೆ ತ್ರಾಸ. ನಾವು ಸೋತ್ರ ನನಗ ತ್ರಾಸ. ಆಟದ ಸುದ್ದಿ ತೆಗೀಬ್ಯಾಡ. ತಿರಕಪ್ಪನ್ನ ಕರಸ್ರಿ."

ತಿರಕಪ್ಪ ದನದ ದಲಾಲಿ. ಅಣ್ಣಿಗೇರಿಯ ಸಂತೆಯಿಂದ ಕಲಘಟಗಿಯ ಸಂತೆಯವರೆಗೆ ಎಲ್ಲಿಯೂ ಅವನು ಬೆನ್ನು ತಟ್ಟದೆ ಎತ್ತು ಮಾರಾಟವಾಗುತ್ತಿರಲಿಲ್ಲ. ಒಳ್ಳೆಯದು ಕೆಟ್ಟದ್ದು ತೂಗಬೇಕಾದರೆ ದೇಸಾಯರಿಗೆ ಆ ಒಂದೇ ತಕ್ಕಡಿ ಗೊತ್ತು. ಮಗಳಿಗೆ ಗಂಡು ನೋಡಲು ಹೋದಾಗಲೂ ಅವನನ್ನೇ ಕರೆದುಕೊಂಡು ಹೋಗಿದ್ದರೆಂದು ಜನ ಹೇಳುತ್ತಿದ್ದರು.

ಕಾಲೇಜಿನ ಬಯಲಿನಲ್ಲಿ ಹುಡುಗರು ಸಾಲಾಗಿ ನಿಂತರು. ಬಾಜೂದ ಚುರುಮುರಿ ಗಿರ್ಮಿಟ್ ಅಂಗಡಿಯ ಅನ್ನವ್ವ ಒಲೆಯ ಮೇಲಿನ ಬಾಣಲೆ ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಿರಕಪ್ಪ ಒಂದು ಕಡೆಯಿಂದ ಶುರು ಮಾಡಿದ. ತುಟಿ ಎತ್ತಿ ಹಲ್ಲು ನೋಡಿದ, ಮೊಣಕಾಲು ಹಿಚುಕಿದ, ಬೆನ್ನಿಗೆ ಫಟ್ಟನೆ ಹೊಡೆದು ನಡುಗುತ್ತದೋ ಇಲ್ಲವೋ ನೋಡಿದ. ಹತ್ತು ಹೆಜ್ಜೆ ನಡೆಸಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದ.

"ಇದು ಹೊಲದಾಗ ಗಳೇ ಹೊಡ್ಯಾಕ ಅಡ್ಡಿಯಿಲ್ಲ. ಇದು ಮೇವು ಬಾಳ ತಿಂತೈತಿ. ಇದರ ನೆತ್ತಿ ಸುಳಿ ಸರಿ ಇಲ್ಲ, ಯಜಮಾನಗ ಆಗಿಬರೂದಿಲ್ಲ."

"ಅವರಪ್ಪಂದೂ ಹಂಗ ಐತಿ ಸುಳಿ," ಎಂದಳು ಅನ್ನವ್ವ. "ಅಂವಾ ಯಾರಿಗೂ ಆಗಿಬಂದಿಲ್ಲ."

ಸಾಲಿನ ಕೊನೆಗೆ ಅಳ್ನಾವರದಿಂದ ಬಂದ ಒಬ್ಬ ಹುಡುಗ ಇದ್ದ. ರೈಲ್ವೆ ಕೂಲಿಯ ಮಗ. ಗೋವೆಯ ಕಡೆಯ ರೈಲು ನಿಂತಲ್ಲೆಲ್ಲ ಇಳಿದು ಅಲ್ಲಿಯ ಹುಡುಗರ ಸಂಗಡ ಆಡಿ ಬೆಳೆದವನು. ಚೆಂಡು ಅವನ ಕಾಲಿಗೆ ಸಾಕಿದ ನಾಯಿಯ ಹಾಗೆ ಅಂಟಿಕೊಂಡಿರುತ್ತಿತ್ತು. ಆ ಸಾಲಿನಲ್ಲಿ ಫುಟ್‌ಬಾಲ್ ಎಂಬುದನ್ನು ಮೊದಲು ನೋಡಿದ್ದವನು ಅವನೊಬ್ಬನೇ. ತಿರಕಪ್ಪ ಅವನನ್ನು ನಡೆಸಿ ನೋಡಿ ಮೂಗು ಮುರಿದ.

"ಸೊಟ್ಟಗಾಲು. ಇದನ್ನ ಸಾಲಿನ್ಯಾಗ ನಿಂದ್ರಿಸಿದ್ರ ಉಳದ ಮಾಲಿನ ಕಿಮ್ಮತ್ತೂ ಇಳೀತೈತಿ."

"ಅವಗೊಬ್ಬಗ ಆಟ ಬರ್ತೈತ್ರಿ!" ಎಂದ ಮಡಿವಾಳೆಪ್ಪ.

"ಆಟ ಬರ್ತೈತಂತ ಸೊಟ್ಟಗಾಲಿಂದನ್ನ ಕಟ್ಟಿಕೊಳ್ಳಾಕ ಅಕ್ಕೈತೇನು?" ಎಂದರು ದೇಸಾಯರು. ಹುಡುಗನಿಗೆ ಮಧ್ಯಾಹ್ನದ ಬಸ್ಸು ಹತ್ತಿಸಿದರು. ಅವನು ಹೋಗುವಾಗಲೂ ಒಂದು ಕಲ್ಲನ್ನು ಕಾಲಿನಿಂದ ಕಾಲಿಗೆ ಆಡಿಸಿಕೊಂಡೇ ಹೋದ. ಯಾರೂ ನೋಡಲಿಲ್ಲ.

ತಿರಕಪ್ಪ ಹೆಗಲ ಮೇಲಿನ ವಲ್ಲಿಯಿಂದ ಕೈ ಒರೆಸಿಕೊಂಡ. "ಮಾಲು ಪರವಾ ಇಲ್ರಿ. ಆದ್ರ ಬೀಗರ ಮಾಲು ನೋಡದ ಹೆಚ್ಚು ಕಡಿಮಿ ಹೆಂಗ ಹೇಳ್ಲಿ? ಎರಡೂ ದಾವಣಿ, ಸಾಲಿಗೆ ಸಾಲು, ಎದುರಾಬದುರಾ ನಿಂದ್ರಿಸಬೇಕು."

"ಟ್ರ್ಯಾಕ್ಟರ್ ತೆಗೀರಿ," ಎಂದರು ದೇಸಾಯರು.

ಟ್ರ್ಯಾಕ್ಟರಿಗೆ ಎಣ್ಣೆ ಹಾಕಿಸುವಷ್ಟರಲ್ಲಿ ಮಡಿವಾಳೆಪ್ಪ ಅನ್ನವ್ವನ ಅಂಗಡಿಯ ಮುಂದೆ ತಲೆ ಹಿಡಿದು ಕೂತ. ಅನ್ನವ್ವ ಅವನಿಗೆ ಗಿರ್ಮಿಟ್ ಕೊಡಲಿಲ್ಲ, ಬುದ್ಧಿ ಕೊಟ್ಟಳು.

"ಎತ್ತು ಸಂತಿಗೆ ಒಯ್ಯೂ ಮುಂದ ಹೆಂಗ ಮಾಡ್ತಾರ, ಮಾಸ್ತರ? ಎಣ್ಣಿ ಹಚ್ಚಿ ಮಿರಿಮಿರಿ ಮಿಂಚಸ್ತಾರೋ ಇಲ್ಲೋ? ನೀವೇನ ಬಡಕಲ ಕಾಲು ಹಂಗ ಒಯ್ತೀರೇನು? ಮನ್ಯಾಗ ಹತ್ತಿ ಬಿದ್ದೈತಿ, ತಗೊಂಡ ಹೋಗಿ ಕಾಲಚೀಲದಾಗ ತುರುಕ್ರಿ."

ಮುಳುಗುವವನಿಗೆ ಹಗ್ಗ ಯಾರು ಎಸೆದರೇನು? ಮಡಿವಾಳೆಪ್ಪ ಹುಡುಗರ ತೊಡೆಗೆ ಕುಸುಬಿ ಎಣ್ಣೆ ಬಳಿದ. ಉದ್ದನೆಯ ಕಾಲುಚೀಲದ ಒಳಗೆ ಹಿಂದುಗಡೆ ಹತ್ತಿ ತುರುಕಿ, ಮೇಲೆ ಸುತಳಿ ಬಿಗಿದ. ನೋಡುನೋಡುತ್ತ ಹುಡುಗರ ಮೀನಖಂಡಗಳು ಹಲಸಿನಕಾಯಿಯ ಹಾಗೆ ಉಬ್ಬಿದವು. ಮೇಲಿನ ಕಾಲು ಮಾತ್ರ ಹಿಂದಿನ ಹಾಗೆ ಕಟ್ಟಿಗೆ. ಆದರೂ ನೋಡುವವರ ಕಣ್ಣು ಮೊದಲು ಹೋಗುವುದು ಉಬ್ಬಿದ್ದರ ಮೇಲೆಯೇ ಎಂದು ಸಮಾಧಾನ ಮಾಡಿಕೊಂಡ.

ದಾರಿಯಲ್ಲಿ ಮಳೆ ಬಿದ್ದಿತ್ತು. ಎರೆಮಣ್ಣು ಅಂದರೆ ಸಾಲ ಕೊಟ್ಟವನ ಹಾಗೆ, ಕಾಲು ಹಿಡಿದರೆ ಬಿಡುವುದಿಲ್ಲ. ಹಳ್ಳದ ಹತ್ತಿರ ಟ್ರೇಲರಿನ ಗಾಲಿ ಹೂತು ಕೂತಿತು. ಹುಡುಗರು ಇಳಿದು ನೂಕಿದರು. ಗಾಲಿ ಒಮ್ಮೆಲೇ ತಿರುಗಿ, ಎಣ್ಣೆ ಹಚ್ಚಿದ ಕಾಲಿಗೆಲ್ಲ ಮಣ್ಣು ಎರಚಿತು. ಮಣ್ಣು ಎಣ್ಣೆಗೆ ಕುಂತು, ಹುಡುಗರು ಸಗಣಿಯಿಂದ ಸಾರಿಸಿದ ಗೋಡೆಯ ಹಾಗೆ ಕಂಡರು. ಮಡಿವಾಳೆಪ್ಪ ಹಳ್ಳದಲ್ಲಿ ಕಾಲು ತೊಳೆಸಿದ. ತೊಳೆದ ಮೇಲೆ ಹತ್ತಿ ನೀರು ಕುಡಿದು ಭಾರವಾಗಿ, ಒಬ್ಬನ ಮೀನಖಂಡ ಇಳಿಯುತ್ತ ಇಳಿಯುತ್ತ ಹಿಮ್ಮಡಿಗೆ ಬಂತು.

"ಲೇ, ನಿನ್ನ ಕಾಲು ಕೆಳಗ ಬಿದ್ದೈತಿ, ಮ್ಯಾಲ ಏರಿಸ್ಕೋ!" ಎಂದು ಮಡಿವಾಳೆಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಏರಿಸಿದ್ರ ಮುಂದ ಬರ್ತೈತ್ರಿ, ಸರ."

"ಮುಂದ ಬಂದ್ರ ಗೌಡ್ರಿಗೆ ಬೆನ್ನ ತೋರಿಸಿ ನಿಂದ್ರು!"

ಕೆಂಚನಕೊಪ್ಪದಲ್ಲಿ ನೀಲನಗೌಡರು ಸುದ್ದಿ ತಿಳಿದು ತಯಾರಾಗಿ ನಿಂತಿದ್ದರು. ಅವರ ಹುಡುಗರು ಕಾಲೇಜಿನ ಮುಂದೆ ಸಾಲಾಗಿದ್ದರು. ಎಲ್ಲರ ತಲೆಗೂ ಗೇಣೆತ್ತರ ಸುತ್ತಿದ ಹಳದಿ ರುಮಾಲು. ಫುಟ್‌ಬಾಲ್ ಆಟಗಾರರಿಗೆ ರುಮಾಲು ಏಕೆ ಎಂದು ದೇಸಾಯರು ಕೇಳಲಿಲ್ಲ. "ಏನ ಎತ್ತರಲೇ!" ಎಂದು ಬಾಯಿ ತೆರೆದರು. ಸಾಲಿನ ಪಕ್ಕದಲ್ಲಿ ಆ ಕಾಲೇಜಿನ ಡ್ರಿಲ್ ಮಾಸ್ತರ ಅಮೋಘಸಿದ್ದಪ್ಪ ನಿಂತಿದ್ದ. ಅವನೂ ಹಂಗಾಮಿ. ಮಡಿವಾಳೆಪ್ಪ ರುಮಾಲುಗಳನ್ನು ನೋಡಿದ, ಅಮೋಘಸಿದ್ದಪ್ಪ ಮೀನಖಂಡಗಳನ್ನು ನೋಡಿದ. ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದರು.

ತಿರಕಪ್ಪ ಎರಡೂ ಸಾಲಿನ ನಡುವೆ ಅಡ್ಡಾಡಿದ. ಬೀಗರಿಬ್ಬರೂ ಹಿಂದೆಯೇ ಹೊರಟರು.

"ಬಾಳ ಚಲೋ ಮಾಲು ತಂದೀರಿ, ಬೀಗರ," ಎಂದರು ಗೌಡರು. ಬಾಯಿಯ ಮಾತು ದೇಸಾಯರಿಗೆ, ಕಣ್ಣು ಹತ್ತಿ ತುಂಬಿದ ಕಾಲಿಗೆ. "ಏನ ಮೀನಖಂಡ! ಇಂಥಾ ಕಾಲಿಲೆ ಒದ್ದ್ರ ಚಂಡು ನವಲಗುಂದದ ಗುಡ್ಡಾ ದಾಟಿ ಬೀಳ್ತೈತಿ."

"ನಿಮ್ಮವೇನ ಕಡಿಮೆ ಅದಾವ್ರಿ? ಹಂತಾ ಎತ್ತರ ಇದ್ರ ಒದ್ಯೂದ ಬ್ಯಾಡ. ಕೈಲೆ ಹಿಡದು ಬಲಿಯೊಳಗ ಇಟ್ರ ಆತು."

ಅಮೋಘಸಿದ್ದಪ್ಪ ಕೆಮ್ಮಿದ. ಮಡಿವಾಳೆಪ್ಪ ಆಕಾಶ ನೋಡಿದ.

ಎದುರಿನವರ ಎತ್ತನ್ನು ಕಂಡ ಮೇಲೆ ತನ್ನ ಎತ್ತು ಸಪ್ಪೆ ಅನಿಸುವುದು ಸಂತೆಯಲ್ಲಿ ಎಲ್ಲರಿಗೂ ಇರುವ ಕಾಯಿಲೆ. ಇಬ್ಬರ ಮೋರೆಯ ಮೇಲೂ ಆ ಕಾಯಿಲೆ ಎದ್ದು ಕುಣಿಯುತ್ತಿತ್ತು. ಅದನ್ನು ಓದಿಯೇ ತಿರಕಪ್ಪ ಅಷ್ಟು ವರ್ಷ ಹೊಟ್ಟೆ ಹೊರೆದವನು. ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳಲು ತನ್ನನ್ನು ಕರೆತಂದಿದ್ದಾರೆ ಎಂಬುದೇ ಅವನಿಗೆ ಮರೆತುಹೋಯಿತು. ಕೈ ತಾನಾಗಿಯೇ ಹೆಗಲ ಮೇಲಿನ ವಲ್ಲಿಗೆ ಹೋಯಿತು. ವಲ್ಲಿಯನ್ನು ಬಲಗೈಯ ಮೇಲೆ ಹಾಸಿ ದೇಸಾಯರ ಮುಂದೆ ಹಿಡಿದ. ದೇಸಾಯರ ಕೈಯೂ ತಾನಾಗಿಯೇ ಒಳಗೆ ಹೋಯಿತು. ಬೆರಳು ಬೆರಳನ್ನು ಹಿಚುಕಿದವು; ದನದ ಸಂತೆಯಲ್ಲಿ ಬೆಲೆ ಕುದುರುವುದು ಹೀಗೆಯೇ. ಅಲ್ಲಿಂದ ಗೌಡರ ಹತ್ತಿರ ಹೋದ. ಅಲ್ಲಿಯೂ ವಲ್ಲಿಯ ಕೆಳಗೆ ಬೆರಳುಗಳು ಮಾತಾಡಿದವು. ಸುತ್ತ ನಿಂತವರು ವಲ್ಲಿಯ ಕಡೆಗೆ ಕತ್ತು ಚಾಚಿದರು. ಹುಡುಗರು ತಮ್ಮ ತಲೆಯ ಮೇಲೆ ಏನು ನಡೆದಿದೆಯೆಂದು ತಿಳಿಯದೆ ನೊಣ ಹೊಡೆದುಕೊಳ್ಳುತ್ತ ನಿಂತಿದ್ದರು.

ತಿರಕಪ್ಪ ವಲ್ಲಿಯನ್ನು ಝಾಡಿಸಿ ಹೆಗಲಿಗೆ ಒಗೆದ.

"ಮುಗೀತು! ದಾವಣಿಗೆ ದಾವಣಿ ಅದಲಾಬದಲಿ. ಹಣಿಗೆ ಭಂಡಾರ ಹಚ್ಚಿ ಹೊಡಕೊಂಡ ಹೋಗ್ರಿ."

ಹುಡುಗರ ಸಂಗಡ ತನ್ನ ನೌಕರಿಯೂ ಹೋಯಿತೆಂದು ಮಡಿವಾಳೆಪ್ಪ ತಿಳಿದ. ಆದರೆ ದೇಸಾಯರ ಮೋರೆ ನೋಡಿದರೆ ಮಗಳ ಮದುವೆಯ ದಿನಕ್ಕಿಂತ ಹೆಚ್ಚು ಅರಳಿತ್ತು. ಅವರು ರುಮಾಲಿನ ಹುಡುಗರನ್ನು ಟ್ರೇಲರಿಗೆ ಹತ್ತಿಸುತ್ತ, ಸಂಗಡ ಬಂದ ಹಿರಿಯರಿಗೆ ಕೇಳಿದರು. "ಹೇಳ್ರಿ ಈಗ. ನಮ್ಮ ಕಾಲೇಜಿನ ಹುಡುಗರು ಚಲೋನೋ, ಬೀಗರ ಕಾಲೇಜಿನವರು ಚಲೋನೋ?"

"ನಮ್ಮವರು ಅಗದಿ ಚಲೋರಿ!" ಎಂದರು ಎಲ್ಲರೂ. ಹೇಗಿದ್ದರೂ ಹಾಗೇ ಅನ್ನಬೇಕಾಗಿತ್ತು.

ಮಡಿವಾಳೆಪ್ಪನ ಜೀವ ಮರಳಿ ಬಂತು. ಹುಡುಗರು ಯಾವ ದಾರಿಯಿಂದ ಬಂದರೇನು? ಬಂದರಲ್ಲ! ಅವನು ಓಡಿ ಹೋಗಿ ದೇಸಾಯರ ಮುಂದೆ ನಿಂತ.

"ಸಾಹೇಬ್ರ, ಹಂಗಾರ ಖಾಯಂ ಆತಲ್ರಿ?"

"ಆತು! ನಾಕ ಮಂದಿ ಎದುರಿಗೆ ಕೊಟ್ಟ ಮಾತು. ನಮ್ಮ ಕಾಲೇಜಿನ ಮಾಸ್ತರ ಇವತ್ತಿಗೆ ಖಾಯಂ."

ಮಡಿವಾಳೆಪ್ಪ ಅಲ್ಲಿಯೇ ಅವರ ಕಾಲು ಮುಟ್ಟಿದ. ಮಾವನಿಗೆ ಹೇಗೆ ಹೇಳಬೇಕು, ಯಾವ ಅಂಗಿ ಹಾಕಿಕೊಂಡು ಹೇಳಬೇಕು ಎಂದು ಯೋಚಿಸುತ್ತ ಟ್ರೇಲರಿನ ಮೇಲೆ ಒಂದು ಕಾಲಿಟ್ಟ. ಹಿಂದಿನಿಂದ ಯಾರೋ ತೋಳು ಹಿಡಿದು ಇಳಿಸಿದರು. ತಿರಕಪ್ಪ.

"ನೀವೆಲ್ಲಿಗ್ರಿ, ಮಾಸ್ತರ?"

"ಊರಿಗೆ!"

"ನಿಮ್ಮ ಹುಡುಗರು ಇಲ್ಲೇ ಉಳದಾರ. ಎತ್ತು ಮಾರಿದ ಮ್ಯಾಲೆ ಹಗ್ಗಾ ಬಿಚಗೊಂಡ ಹೋಗೂದು ನಮ್ಮ ಕಡೆ ಇಲ್ಲ. ಮೂಗದಾಣ, ಕೊರಳಗೆಜ್ಜಿ, ಹಗ್ಗ, ಎಲ್ಲಾ ಎತ್ತಿನ ಸಂಗಾಟ. ಹೌದಲ್ರಿ, ಗೌಡ್ರ?"

"ಹೌದೌದು. ರೂಢಿ ಮುರಿಯಾಕ ಬರೂದಿಲ್ಲ," ಎಂದರು ಗೌಡರು.

ಮಡಿವಾಳೆಪ್ಪ ದೇಸಾಯರ ಕಡೆಗೆ ತಿರುಗಿದ. "ಸಾಹೇಬ್ರ! ಮಾತು ಕೊಟ್ಟೀರಿ!"

"ಮಾತಿಗೆ ತಪ್ಪೂ ಮನಿತನ ಅಲ್ಲ ನಮ್ಮದು," ಎಂದರು ದೇಸಾಯರು, ಎದೆಯ ಮೇಲೆ ಕೈಯಿಟ್ಟು. "ಅಮೋಘಸಿದ್ದಪ್ಪ, ಹತ್ತೋ ಮ್ಯಾಲೆ. ನೀನೀಗ ನಮ್ಮ ಕಾಲೇಜಿನ ಮಾಸ್ತರ. ಇವತ್ತಿಂದ ಖಾಯಂ."

ಅಮೋಘಸಿದ್ದಪ್ಪ ಏನು, ಎತ್ತ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಬದಲಾಗುತ್ತದೋ ಎಂಬಂತೆ ಟ್ರೇಲರಿಗೆ ಜಿಗಿದು, ಹುಡುಗರ ನಡುವೆ ನುಸುಳಿ ಕೂತುಬಿಟ್ಟ. ಟ್ರ್ಯಾಕ್ಟರು ಹೊಗೆ ಬಿಟ್ಟು ಹೊರಟಿತು. ತಿರುವಿನವರೆಗೂ ರುಮಾಲುಗಳು ಹಳದಿಯಾಗಿ ಕುಣಿಯುತ್ತ ಕಂಡವು.

ನೀಲನಗೌಡರು ಮೀಸೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಅತ್ತಲೇ ನೋಡಿದರು. ಅವರ ಮೋರೆ ನಿಧಾನವಾಗಿ ಸಪ್ಪಗಾಯಿತು. ಆಮೇಲೆ ಮಡಿವಾಳೆಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ, ನಮ್ಮಲ್ಲಿ ಹೊಸದಾಗಿ ಬಂದವರು ಮೊದಲ ಹಂಗಾಮಿ. ಆದ್ರ ನಾನೂ ಮಾತಿನ ಮನಶಾನ ಅದೀನಿ. ಬೀಗರ ಕಾಲೇಜಿನ ಹುಡುಗರನ್ನ ಈಗ ಕಣ್ಣಾರೆ ನೋಡಿದ್ಯಲ್ಲ, ಏನ ಎತ್ತರ ಅದಾರ! ಅವರಗಿಂತ ಚಲೋ ಹುಡುಗರನ್ನ ತಂದ ದಿನ ನೀನು ಖಾಯಂ."

"ಹೌದ್ರಿ," ಎಂದ ಮಡಿವಾಳೆಪ್ಪ.