ಬಾಗಿಲಿಗೆ ಅಂಟಿಸಿದ ವಿಳಾಸ

ಎಲ್ಲಕ್ಕೂ ಕಾರಣ ಹೆಂಡತಿಯ ಸೊಂಟ. ಗುಮಾಸ್ತರ ಹೆಂಡತಿ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ಸಾಕು, ಹೊರಗಿನಿಂದ "ಅಕ್ಕಾ, ಬಟ್ಟೆ ಆಯ್ತಾ?" ಎಂಬ ಕೂಗು. ಸೊಂಟ ಹಿಡಿದುಕೊಂಡು ಏಳಬೇಕು, ಬಾಗಿಲು ತೆಗೆಯಬೇಕು, "ಇನ್ನೂ ಇಲ್ಲಮ್ಮಾ" ಎನ್ನಬೇಕು. ದಿನಕ್ಕೆ ಹತ್ತು ಸಲ.

ಗುಮಾಸ್ತರು ನೀರು ಸರಬರಾಜು ಕಚೇರಿಯ ಕಿಟಕಿಯ ಹಿಂದೆ ಮೂವತ್ತು ವರ್ಷ "ಆಗಿಲ್ಲ, ನಾಳೆ ಬನ್ನಿ" ಎಂದು ಹೇಳಿ ಹೇಳಿ ನಿವೃತ್ತರಾದವರು. ಇನ್ನು ಈ ಜನ್ಮದಲ್ಲಿ ಆ ಮಾತು ಆಡುವುದಿಲ್ಲವೆಂದು ಶಪಥ ಮಾಡಿದ್ದರು. ಆದರೆ ಹೆಂಡತಿ ನರಳುವುದು ಕೇಳಿದರೆ ಅವರ ಕರುಳು ಚುರುಕ್ ಎನ್ನುತ್ತಿತ್ತು. ಕೊನೆಗೊಂದು ಉಪಾಯ ಹೊಳೆಯಿತು: ಯಾರ ಬಟ್ಟೆ ಆಗಿದೆ, ಯಾರದ್ದು ಆಗಿಲ್ಲ ಎಂದು ತೋರಿಸುವ ವೆಬ್‌ಸೈಟ್. ಜನ ಮನೆಯಲ್ಲೇ ಕೂತು ನೋಡಿಕೊಳ್ಳಲಿ, ಇವಳು ಏಳುವುದೇ ಬೇಡ.

ವೆಬ್‌ಸೈಟ್ ಕಟ್ಟಲು ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟು ಹೊಸಬರಿಗೆ ಸುಲಭವೆಂದು ಎಲ್ಲೋ ಓದಿ, ಹದಿನೈದು ದಿನ ಲ್ಯಾಪ್‌ಟಾಪ್ ಮುಂದೆ ತಪಸ್ಸು ಮಾಡಿದರು. ಬರೆದ ಕೋಡ್‌ನಲ್ಲಿ ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಗಿ ಎರಡು ದಿನ ಊಟ ರುಚಿಸಲಿಲ್ಲ. ಇವತ್ತು ಬೆಳಿಗ್ಗೆ ಕಪ್ಪು ಪರದೆಯ ಮೇಲೆ, ಸರ್ವರ್ ಶುರುವಾಗಿದೆ ಎಂಬ ಸಾಲು ಮೂಡಿತು. ಬ್ರೌಸರ್ ತೆರೆದರೆ ಪಟ್ಟಿ ಅಚ್ಚುಕಟ್ಟಾಗಿ ಕೂತಿದೆ! ಗುಮಾಸ್ತರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೇಲೆ ಕಾಣುತ್ತಿದ್ದ 'ಲೋಕಲ್‌ಹೋಸ್ಟ್ 3000' ಎಂಬ ವಿಳಾಸವನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಕೆಳಗೆ, "ಬಟ್ಟೆಯ ವಿಚಾರ ಇಲ್ಲಿ ನೋಡಿ, ಬಾಗಿಲು ಬಡಿಯಬೇಡಿ."

ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದು. ಎದುರುಮನೆಯ ಮೇಷ್ಟ್ರು.

"ಏನ್ರೀ, ನಿಮ್ಮ ವೆಬ್‌ಸೈಟ್ ತೆರೀತಾನೇ ಇಲ್ಲ."

ಗುಮಾಸ್ತರು ಒಳಗೆ ಓಡಿ ನೋಡಿ ಬಂದರು. "ನನಗೆ ಚೆನ್ನಾಗೇ ತೆರೀತಿದೆಯಲ್ಲ ಸಾರ್! ನಿಮ್ಮ ಫೋನು ಹಳೇದಿರಬೇಕು."

ಮೇಷ್ಟ್ರು ಮುಖ ಊದಿಸಿಕೊಂಡು ಹೋದರು. ಆಮೇಲೆ ಬೇಕರಿಯವಳು ಹೊಚ್ಚಹೊಸ ಫೋನು ಹಿಡಿದು ಬಂದಳು. ಅವಳಿಗೂ ಇಲ್ಲ. ಮಹಡಿಮನೆಯ ಕ್ಷೌರಿಕ, "ನಾನು ಮೂರು ಸಾವಿರದ ಒಂದೂ ಹಾಕಿ ನೋಡಿದೆ ಸಾರ್" ಎಂದ. ಗುಮಾಸ್ತರು ಸರ್ವರ್ ನಿಲ್ಲಿಸಿ ಶುರುಮಾಡಿದರು, ಶುರುಮಾಡಿ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ತುಂಬ ಜನ. ಒಬ್ಬರ ಫೋನಿಗೆ ಇನ್ನೊಬ್ಬರು ಇಣುಕಿ ಸಲಹೆ ಕೊಡುವವರೇ. ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೂ ಮೇಜಿಗೂ ಓಡಾಡಿ ಗುಮಾಸ್ತರ ಕಾಲು ಬಿದ್ದುಹೋದವು.

ಪ್ಯಾಂಟು ಕೇಳಲು ಬಂದ ಫೋನ್ ರಿಪೇರಿಯವನು ಚೀಟಿ ಓದಿ ನಕ್ಕುಬಿಟ್ಟ.

"ಅಂಕಲ್, ಲೋಕಲ್‌ಹೋಸ್ಟ್ ಅಂದ್ರೆ ಅವರವರ ಯಂತ್ರವೇ. ಇದನ್ನ ಹಾಕಿದ್ರೆ ನಮ್ಮ ಫೋನು ತನ್ನೊಳಗೇ ಹುಡುಕುತ್ತೆ. ನಿಮ್ಮ ಪಟ್ಟಿ ನಿಮ್ಮ ಮೇಜು ಬಿಟ್ಟು ಕದಲೇ ಇಲ್ಲ! ನಾಳೆ ಬಂದು ಎಲ್ಲರಿಗೂ ತೆರೆಯೋ ಹಾಗೆ ಮಾಡ್ಕೊಡ್ತೀನಿ, ಬಿಡಿ."

ಜನ ನಗುತ್ತ ಚದುರಿದರು. ಗುಮಾಸ್ತರು ಚೀಟಿ ಕಿತ್ತು, ಮುಖ ಸಣ್ಣದು ಮಾಡಿಕೊಂಡು ಒಳಕೋಣೆಗೆ ಹೋದರು.

"ತಪ್ಪಾಯ್ತು ಕಣೇ. ನಿನ್ನ ಸೊಂಟಕ್ಕೆ ಅಂತ ಹೊರಟು ಊರನ್ನೇ ಬಾಗಿಲಿಗೆ ಕರೆದೆ."

ಹೆಂಡತಿಯ ಪಕ್ಕದಲ್ಲಿ ಹೊಲಿದು ಮಡಿಸಿದ ಬಟ್ಟೆಗಳು ಎದೆಮಟ್ಟಕ್ಕೆ ಏರಿದ್ದವು. ಇಷ್ಟು ಕೆಲಸ ಒಂದೇ ದಿನದಲ್ಲಿ ಆದದ್ದನ್ನು ಅವರು ನೋಡಿರಲಿಲ್ಲ.

"ಹದಿನಾಲ್ಕು ಜನ ಬಂದ್ರು. ಎಲ್ಲರೂ ವೆಬ್‌ಸೈಟ್ ಆಯ್ತಾ ಅಂತ ನಿಮ್ಮನ್ನೇ ಕೇಳಿದ್ರು. ನಾನು ಒಂದು ಸಲಾನೂ ಏಳ್ಲಿಲ್ಲ ರೀ." ಆಕೆಯ ದನಿ ಸ್ವಲ್ಪ ಒದ್ದೆಯಾಯಿತು. "ಬಾಗಿಲಿಗೆ ನೀವೊಮ್ಮೆ ಎದ್ದು ಹೋಗ್ಲಿ ಅಂತ ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ?"

"ಹೇಳಬಾರದಿತ್ತಾ?"

"ನಿಮ್ಮ ಶಪಥ ಇತ್ತಲ್ಲ." ಆಕೆ ದಾರ ಕಡಿದಳು. "ನಾಳೆ ಆ ರಿಪೇರಿಯವನಿಗೆ ಬೇಡ ಅಂದ್ಬಿಡಿ. ಹೀಗೇ ಇರ್ಲಿ."

ಗುಮಾಸ್ತರು ಕಿತ್ತು ತಂದ ಚೀಟಿಯ ಸುಕ್ಕು ಬಿಡಿಸತೊಡಗಿದರು. ಅಷ್ಟರಲ್ಲಿ ಮತ್ತೆ ಬಾಗಿಲ ಸದ್ದು.

"ಸಾರ್, ವೆಬ್‌ಸೈಟ್ ಆಯ್ತಾ?"

ಹೆಂಡತಿ ಕನ್ನಡಕದ ಮೇಲಿನಿಂದ ಗಂಡನನ್ನೇ ನೋಡಿದಳು. ಗುಮಾಸ್ತರು ಎದ್ದರು. ಚೀಟಿಯನ್ನು ಇದ್ದ ಜಾಗದಲ್ಲೇ ಒತ್ತಿ ಅಂಟಿಸಿ, ಮೂವತ್ತು ವರ್ಷದ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡರು.

"ಆಗಿಲ್ಲ. ನಾಳೆ ಬನ್ನಿ."