ಬರಿಗೈ ಗೌರೀಶ

ದೊಡವಾಡದ ಗೌರೀಶ ಆ ಭಾನುವಾರ ಬೆಳಿಗ್ಗೆ ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಬೇಕೆಂದೇ ಕಟ್ಟೆಯ ಮೇಲೆ ಬಿಟ್ಟು ಹೊರಟ. ಅಂದಿನ ಪಜೀತಿಗೆಲ್ಲ ಅದೇ ಮೂಲ.

ಬೈಲಹೊಂಗಲದಲ್ಲಿ ಅವನು ಓದಿದ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದಿದ್ದರು. ಪದವಿ ಮುಗಿದ ಮೇಲೆ ಗೌರೀಶ ಆ ಕಡೆ ತಲೆ ಹಾಕಿರಲಿಲ್ಲ. ಈಗ ರಾಮದುರ್ಗದಲ್ಲೇ ಉಳಿದು ಅಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರ. ಅಲ್ಲಿ ಎಲ್ಲರ ಬಾಯಲ್ಲೂ 'ಗೌರೀಶ ಸರ್'. ಕಾಲೇಜಿನಲ್ಲಿ ಮಾತ್ರ ಅವನು 'ಬುತ್ತಿ ಗೌರ್ಯಾ' ಆಗಿದ್ದ. ಆಗ ರೂಮು ಮಾಡಿಕೊಂಡಿದ್ದ ಹಳ್ಳಿಯ ಹುಡುಗರಿಗೆಲ್ಲ ಮನೆಯ ರೊಟ್ಟಿ ದಿನಾ ಬಸ್ಸಿನಲ್ಲಿಯೇ ಬರುತ್ತಿತ್ತು. ದೊಡವಾಡದ ಬಸ್ಸು ಬರುವುದು ತಡ. ಹೀಗಾಗಿ ಗೌರೀಶ ಸ್ಟ್ಯಾಂಡಿನಿಂದ ಗಂಟು ಹಿಡಿದುಕೊಂಡೇ ಕ್ಲಾಸಿಗೆ ಓಡುತ್ತಿದ್ದ. ಮೆಂತ್ಯೆ ಪಲ್ಯದ ವಾಸನೆ ಅವನಿಗಿಂತ ಮೊದಲೇ ಒಳಗೆ ಹೋಗಿ ಹಾಜರಿ ಹೇಳುತ್ತಿತ್ತು.

ಇವತ್ತಾದರೂ ಕೈ ಬೀಸಿಕೊಂಡು ಆ ಗೇಟು ದಾಟಬೇಕು, ಹಳೆಯ ಗುರುಗಳ ಬಾಯಿಂದ ಬರೀ 'ಗೌರೀಶ' ಎನಿಸಿಕೊಳ್ಳಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

"ಅಲ್ಲಿ ಊಟ ತಡಾ ಆಗತೈತಿ, ಒಯ್ಯಪಾ," ಎಂದಳು ತಾಯಿ ಗುರುಬಸವ್ವ.

"ಬ್ಯಾಡಬೇ, ಇವತ್ತ ಬರಿಗೈಲೇ ಹೋಗಾಂವ ನಾ," ಎಂದು ಅವನು ಬಿಳಿ ಅಂಗಿಯ ಮಡಿಕೆ ನೀವಿಕೊಂಡು ನಡೆದ.

ಬಸ್ಸು ಹತ್ತಿ ಕೂರುತ್ತಲೇ ಓಣಿಯ ಬಾಯವ್ವ ಕಾಕು ಕಿಟಕಿಯಿಂದ ಒಂದು ಗಂಟು ತೂರಿಸಿದಳು. ಹೇಗೂ ಕಾಲೇಜಿಗೇ ಹೊರಟಿದ್ದಾನೆ, ಅಲ್ಲೇ ಓದುವ ಮೊಮ್ಮಗನ ಬುತ್ತಿ ಮುಟ್ಟಿಸಲಿ ಎಂದು. ಒಂದೇ ತಾನೆ ಎಂದು ಗೌರೀಶ ತೊಡೆಯ ಮೇಲಿಟ್ಟುಕೊಂಡ. ಕಂಡಕ್ಟರ್ ಸತ್ಯಪ್ಪ ಅದನ್ನು ನೋಡಿದ. ಗೌರೀಶನ ಕಾಲದಿಂದಲೂ ಬುತ್ತಿ ಹೊತ್ತು ಹೊತ್ತು ಹಣ್ಣಾದವನು ಅವನು.

"ಚೊಲೋ ಆತ ತಮ್ಮಾ. ಇವತ್ತ ಹುಡುಗೂರೆಲ್ಲಾ ಕಾಲೇಜಿನಾಗ ಮಂಟಪಾ ಕಟ್ಟಾಕ ಹತ್ಯಾರ. ಸ್ಟ್ಯಾಂಡಿಗೆ ಯಾರೂ ಬರಂಗಿಲ್ಲ. ಇವನ್ನಷ್ಟೂ ನೀನ ಒಯ್ದ ಬಿಡು."

ಡ್ರೈವರನ ಪಕ್ಕದಲ್ಲಿದ್ದ ಗಂಟುಗಳೆಲ್ಲ ಗೌರೀಶನ ಮಡಿಲಿಗೆ ಬಂದವು. ದಾರಿಯ ಊರುಗಳಲ್ಲಿ ಹತ್ತಿದವೂ ಅಲ್ಲಿಗೇ ಬಂದವು. ಬೈಲಹೊಂಗಲದಲ್ಲಿ ಇಳಿದಾಗ ಅವನು ಜಾತ್ರೆಗೆ ಹೊರಟ ಬಳೆಗಾರನ ಹಾಗೆ ಮೈತುಂಬ ಗಂಟು ತೂಗಾಡಿಸಿಕೊಂಡಿದ್ದ. ಯಾರದೋ ಬದನೆಕಾಯಿ ಪಲ್ಯದ ಎಣ್ಣೆ ಎದೆಯ ಮೇಲೆ ಇಳಿಯುತ್ತಿತ್ತು. ಗಂಟುಗಳನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ಹಸಿದ ಹುಡುಗರ ನೆನಪಾಗಿ ಮನಸ್ಸು ಬರಲಿಲ್ಲ.

ಮುಂದಿನ ಗೇಟಿನ ಆಸೆ ಬಿಟ್ಟು, ಊರು ಸುತ್ತಿ, ಕಾಲೇಜಿನ ಹಿಂದಿನ ಮುರುಕು ಗೋಡೆ ದಾಟಿದ. ಬೇವಿನ ಗಿಡದ ಕೆಳಗೆ ತೋರಣ ಕಟ್ಟುತ್ತಿದ್ದ ಹುಡುಗರಿಗೆ ಅವರವರ ಗಂಟು ಒಪ್ಪಿಸಿದ. ಒಬ್ಬ ಹುಡುಗ ನೀರು ತಂದು ಅಂಗಿಯ ಕಲೆ ಒರೆಸಿಕೊಟ್ಟ. ಕಲೆ ಹೋಗಲಿಲ್ಲ, ಅಗಲವಾಯಿತು. ಗೌರೀಶ ಅದರ ಮೇಲೆ ಕೈ ಕಟ್ಟಿಕೊಂಡು ಸಭಾಂಗಣ ಹೊಕ್ಕ. ಯಾರೂ ನಗಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಗೆದ್ದೆ ಅಂದುಕೊಂಡ.

ಆಗ ಪಾಠ ಹೇಳಿ ಈಗ ಪ್ರಿನ್ಸಿಪಾಲರಾಗಿದ್ದ ನಿಜಗುಣಪ್ಪ ಸರ್ ಸಾಲುಗಳ ನಡುವೆ ನಡೆಯುತ್ತ, ಒಬ್ಬೊಬ್ಬರನ್ನೇ ಗುರುತು ಹಿಡಿದು, ಹೆಸರು ಕೂಗಿ, ಹೂ ಕೊಟ್ಟು ವೇದಿಕೆಗೆ ಕಳಿಸುತ್ತಿದ್ದರು. ಅವರ ನೆನಪಿನ ಶಕ್ತಿ ದೊಡ್ಡದು. ಗೌರೀಶನ ಮುಂದೆ ಬಂದಾಗ ಮಾತ್ರ ಕನ್ನಡಕ ಏರಿಸಿದರು, ಇಳಿಸಿದರು.

"ನಾ ಗೌರೀಶ ರೀ ಸರ್. ದೊಡವಾಡ."

"ಹೌದೌದು," ಎಂದರು ಸರ್, ಗುರುತು ಸಿಗದವರಿಗೆ ಹೇಳುವ ಹಾಗೆ. ಹೂವನ್ನು ಪಕ್ಕದವನಿಗೆ ಕೊಟ್ಟು ಮುಂದೆ ಹೋದರು. ಓದುವಾಗ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಪರಸಪ್ಪ ಕೂಡ, ಎಲ್ಲೋ ನೋಡಿದ ಹಾಗಿದೆ ಎಂದು ತಲೆ ಕೆರೆದುಕೊಂಡ. ಗೌರೀಶನ ಗೆಲುವು ಗಾಳಿ ಹೋದ ಟೈರಿನ ಹಾಗೆ ಮೆಲ್ಲಗೆ ಕುಸಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೂಗುವ ದನಿಯಲ್ಲೇ ಯಾರೋ ಕೂಗಿದರು. "ದೊಡವಾಡ ಗೌರೀಶಂದು ಬುತ್ತಿ."

ಸತ್ಯಪ್ಪ. ಎರಡನೇ ಟ್ರಿಪ್ಪಿನಲ್ಲಿ ಗುರುಬಸವ್ವ ಕೊಟ್ಟ ಗಂಟನ್ನು, ಚಹಾ ಕುಡಿಯುವ ಹೊತ್ತು ಬಿಟ್ಟು, ತಾನೇ ನಡೆದು ತಂದಿದ್ದ.

ನಿಜಗುಣಪ್ಪ ಸರ್ ತಿರುಗಿದರು. ಅವರ ಮುಖ ಅರಳಿತು.

"ಬುತ್ತಿ ಗೌರ್ಯಾ. ಹಂಗ ಹೇಳಬಾರದೇನೋ ಮೊದಲ? ಮೂರು ವರ್ಷ ನಿನ್ನ ಗಂಟು ನನ್ನ ಟೇಬಲ್ ಮ್ಯಾಲ ಇಡಿಸಿಕೊಂಡು, ವಾಸನಿ ಕುಡದು ಪಾಠಾ ಹೇಳೇನಿ. ಕೇಳಾಕ ನಾಚಿಕಿ. ಇವತ್ತ ಬಿಡಂಗಿಲ್ಲ ನೋಡು."

ಸಭೆ ನಕ್ಕಿತು. ಪರಸಪ್ಪ ಎದ್ದು ಬಂದು ಅಪ್ಪಿಕೊಂಡ. ಗೌರೀಶನನ್ನು ಗಂಟಿನ ಸಮೇತ ವೇದಿಕೆಗೆ ಹತ್ತಿಸಿದರು. ರೊಟ್ಟಿ, ಶೇಂಗಾ ಚಟ್ನಿ ಕೈಯಿಂದ ಕೈಗೆ ಹೋದವು. ಗೌರೀಶನ ಪಾಲಿಗೆ ಉಳಿದದ್ದು ಚಟ್ನಿ ಹತ್ತಿದ ಗಂಟಿನ ಅರಿವೆ.

ಸಂಜೆ ಹೊರಟಾಗ ಹುಡುಗರು ಬುತ್ತಿಯ ಖಾಲಿ ಡಬ್ಬಿಗಳನ್ನೆಲ್ಲ ತೊಳೆದು, ಅರಿವೆಯಲ್ಲಿ ಕಟ್ಟಿ ತಂದು ಅವನ ಕೊರಳಿಗೆ ಹಾಕಿದರು. "ಬುತ್ತಿ ಸರ್, ಇವನ್ನಷ್ಟ ಊರಿಗೆ ಮುಟ್ಟಸ್ರಿ," ಎಂದರು ಬಹಳ ಮರ್ಯಾದೆಯಿಂದ.

ಬಸ್ಸಿನಲ್ಲಿ ಡಬ್ಬಿಗಳ ನಡುವೆ ಕುಳಿತ ಗೌರೀಶ ಸಮಾಧಾನ ಮಾಡಿಕೊಂಡ. ಏನೇ ಆಗಲಿ, ನಾಳೆ ರಾಮದುರ್ಗ. ಅಲ್ಲಿ ಈ ಹೆಸರು ಯಾರಿಗೂ ಗೊತ್ತಿಲ್ಲ.

ಸತ್ಯಪ್ಪ ಟಿಕೆಟು ಹರಿದುಕೊಟ್ಟು ಪಕ್ಕದಲ್ಲಿ ಕುಳಿತ. "ಒಂದ ಸುದ್ದಿ ಹೇಳೂದ ಮರತಿದ್ದೆ ಬುತ್ತಿ ಸರ್. ನಾಳಿಂದ ನನ್ನ ಡ್ಯೂಟಿ ರಾಮದುರ್ಗದ ಬಸ್ಸಿಗೆ ಹಾಕ್ಯಾರ. ನಿಮ್ಮವ್ವಗ ಹೇಳೇನಿ, ಭಾಳ ಖುಷಿಯಾತು ಪಾಪ. ನೀವೇನ ಸ್ಟ್ಯಾಂಡಿಗೆ ಬರೂದ ಬ್ಯಾಡ್ರಿ. ಸಾಲಿ ಬಾಗಲದಾಗ ನಿಂತ ನಾನ ಕೂಗತೇನಿ."